‘ಟ್ವೈಲೈಟ್’ ಕಾದಂಬರಿಯನ್ನು ಕುರಿತು

ಅಮೆರಿಕಾ ದೇಶದ ಸ್ಟೆಫನಿ ಮೇಯರ್ ಎಂಬಾಕೆಯು 2005ನೆಯ ಇಸವಿಯಲ್ಲಿ ಪ್ರಕಟಿಸಿದ ‘ಟ್ವೈಲೈಟ್’ ಕಾದಂಬರಿಯನ್ನೂ ಅದರ ಮುಂದಿನ ಭಾಗಗಳನ್ನೂ ನಮ್ಮ ಹುಡುಗಿಯರು ಆಸಕ್ತಿಯಿಂದ ಓದುವುದನ್ನು ಕಂಡು ನಾವೂ ಓದಿದೆವು. 17 ವರ್ಷದ ಬೆಲ್ಲಾ ಎಂಬ ಕನ್ಯೆಯು, ನೂರು ವರ್ಷ ಕಳೆದರೂ ಯೌವನವಳಿಯದ ಎಡ್ವರ್ಡನೆಂಬ ರಕ್ತಪಾಯಿಯನ್ನು ಪ್ರೀತಿಸುವ ಕಥೆಯಿದು. ಕಥೆಯು ನಮ್ಮನ್ನು ಹಿಡಿದು ಕೂರಿಸಿತೆಂಬುದನ್ನು ಮರೆಮಾಚಲಾರೆವು. ಆಕೆಯ ರಕ್ತಕ್ಕಾಗಿ ಹಂಬಲಿಸಿಯೂ ಎಡ್ವರ್ಡನು ತನ್ನ ದಾಹವನ್ನು ಅಡಗಿಸಿಕೊಳ್ಳುವನು. ಬಲಶಾಲಿಯ ಈ ಸಂಯಮವು ಸ್ತುತ್ಯವೇ ಸರಿ.

ಆದರೆ ಅದೇ ಎಡ್ವರ್ಡನು ರಾತ್ರಿಯಲ್ಲಿ ಆಕೆಗೆ ತಿಳಿಯದಂತೆ ಕೋಣೆಯನ್ನು ಹೊಕ್ಕು, ನಿದ್ರಿಸುತ್ತಿರುವವಳನ್ನು ನೋಡುತ್ತಿರುವನು. 2007ರಲ್ಲಿ ಬಂದ ಮೂರನೆಯ ಭಾಗದಲ್ಲಿ, ಆಕೆಯು ತನ್ನ ಸ್ನೇಹಿತನಲ್ಲಿಗೆ ಹೋಗದಂತೆ ಆಕೆಯ ಗಾಡಿಯನ್ನೇ ಕೆಡಿಸುವನು. ಮುಂದೆ ಪಟ್ಟನ್ನು ಸಡಿಲಿಸುವನಾದರೂ, ಕಥೆಯು ಇದನ್ನೆಲ್ಲ ಬಹುಮಟ್ಟಿಗೆ ಪ್ರೇಮಾತಿಶಯವೆಂದೇ ತೋರಿಸುತ್ತದೆ. ಕಾಯುವುದು ಬೇರೆ, ಕಟ್ಟಿಹಾಕುವುದು ಬೇರೆ.

ತಾಯಿತಂದೆಗಳೇ, ಈ ಪುಸ್ತಕವನ್ನು ಕಸಿದುಕೊಳ್ಳಬೇಡಿರಿ. ಬೇಡವೆಂದ ಪುಸ್ತಕವು ದಿಂಬಿನ ಕೆಳಗೆ ಸೇರುವುದೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಚೆನ್ನಾಗಿ ಬಲ್ಲರು! ನೀವೂ ಓದಿರಿ, ಬಳಿಕ ಮಗಳನ್ನು ಒಂದೇ ಪ್ರಶ್ನೆ ಕೇಳಿರಿ: “ಹೋಗಬೇಡವೆಂದು ಬೇಡಿಕೊಳ್ಳುವುದಕ್ಕೂ, ಹೋಗದಂತೆ ಗಾಡಿಯನ್ನು ಕೆಡಿಸುವುದಕ್ಕೂ ಏನು ಭೇದ, ಮಗು?” ಇದಕ್ಕೆ ತಾನೇ ಯೋಚಿಸಿ ಉತ್ತರ ಕೊಡಬಲ್ಲ ಹುಡುಗಿಯು ಯಾವ ಕಾದಂಬರಿಯನ್ನಾದರೂ ಓದಲಿ, ನಮಗೆ ಭಯವಿಲ್ಲ.