ದುಬಾರಿಯಾಗುವುದು ಬೆಕ್ಕಿನ ವಂಶ

ನಮ್ಮ ಅಜ್ಜಂಪುರ ತಾಲ್ಲೂಕಿನ ಬುಕ್ಕಾಂಬುಧಿಯಂಥ ಊರಿನಲ್ಲಿ ಕೂಲಿನಾಲಿ ಮಾಡುವ ಮನೆಯವರೂ ಒಂದು ಬೆಕ್ಕನ್ನು ನೆಟ್ಟಗೆ ಸಾಕಬಹುದು. ಆದರೆ ರೇಬಿಸ್ ಲಸಿಕೆ ಮತ್ತು ಮರಿಯಾಗದಂತೆ ಮಾಡಿಸುವ ಆಪರೇಷನ್, ಈ ಎರಡು ಖರ್ಚಿಗೆ ಮಾತ್ರ ಜಿಪುಣತನ ಮಾಡಬಾರದು. ನಾನು ಅಂದಿದ್ದು ಇಷ್ಟೇ. ಇದಕ್ಕೆ ಎರಡೂ ಕಡೆಯಿಂದ ಏಟು ಬಿತ್ತು. ಊರಿನವರು "ಬೆಕ್ಕಿಗೂ ಬಜೆಟ್ಟಾ?" ಎಂದು ನಕ್ಕರು. ಬೆಂಗಳೂರು ಸೇರಿಕೊಂಡ ನಮ್ಮ ಕಡೆಯ ಹುಡುಗರು "ಕೈಲಾಗದವರು ಸಾಕಲೇಬಾರದು" ಎಂದು ಗದರಿದರು. ನಕ್ಕವರಿಗೆ ಮೊದಲು ಉತ್ತರ ಕೊಡುತ್ತೇನೆ, ಅವರ ಸಂಖ್ಯೆಯೇ ಹೆಚ್ಚು.

"ಬೆಕ್ಕಿಗೇನು ಖರ್ಚು? ಇಲಿ ಹಿಡಿಯುತ್ತೆ, ತಿನ್ನುತ್ತೆ." ಲೆಕ್ಕ ಹಾಕೋಣ. ನಾಲ್ಕು ಕಿಲೋ ತೂಗುವ ಬೆಕ್ಕಿಗೆ ದಿನಕ್ಕೆ 200ರಿಂದ 250 ಕ್ಯಾಲೊರಿ ಬೇಕು. ಒಂದು ಚಿಟ್ಟಿಲಿಯಲ್ಲಿರುವುದು ಸುಮಾರು 30. ಅಂದರೆ ದಿನಕ್ಕೆ ಏಳೆಂಟು ಚಿಟ್ಟಿಲಿ, ವರ್ಷವಿಡೀ, ತಪ್ಪದೆ. ಅಷ್ಟು ಇಲಿ ಇರುವ ಮನೆಯವರು ಬೆಕ್ಕಿನ ಚಿಂತೆ ಬಿಟ್ಟು ರಾಗಿ ಚೀಲದ ಚಿಂತೆ ಮಾಡಬೇಕು. ಹೆಗ್ಗಣದ ತಂಟೆಗಂತೂ ಹೆಚ್ಚಿನ ಬೆಕ್ಕುಗಳು ಹೋಗುವುದೇ ಇಲ್ಲ. ಹಸಿದಿಟ್ಟರೆ ಚೆನ್ನಾಗಿ ಬೇಟೆಯಾಡುತ್ತದೆ ಎಂಬ ನಂಬಿಕೆಯೂ ಸುಳ್ಳು. ಬೇಟೆಯ ಚಟ ಬೇರೆ, ಹಸಿವು ಬೇರೆ. ಹೊಟ್ಟೆ ತುಂಬಿದ ಬೆಕ್ಕೂ ಇಲಿ ಕಂಡರೆ ಬಿಡುವುದಿಲ್ಲ. ಹಸಿದ ಬೆಕ್ಕು ಮಾಡುವ ಕೆಲಸ ಒಂದೇ, ಪಕ್ಕದ ಮನೆಯ ಹಾಲಿನ ಪಾತ್ರೆ ಉರುಳಿಸಿ ನಿಮಗೆ ಜಗಳ ತಂದುಕೊಡುವುದು.

ಹಾಲಿನ ಮಾತು ಬಂತಲ್ಲ, ಹಿರಿಯರೊಬ್ಬರು ತೆನಾಲಿ ರಾಮಕೃಷ್ಣನನ್ನೇ ಎಳೆದುತಂದರು. "ಇಲಿ ಕಾಟಕ್ಕೆಂದು ಬೆಕ್ಕು ಹಂಚಿದ ರಾಯ ಬೆಕ್ಕಿಗೊಂದು ಹಸುವನ್ನೂ ಕೊಟ್ಟ. ನಮಗೆ ಹಸು ಕೊಡುವವರು ಯಾರು?" ಕತೆ ಚೆನ್ನಾಗಿದೆ, ಆದರೆ ಅದರಲ್ಲಿ ತಪ್ಪಿದ್ದು ರಾಯನ ಲೆಕ್ಕ. ರಾಮಕೃಷ್ಣ ಬಿಸಿ ಹಾಲಿಟ್ಟು ಬೆಕ್ಕಿನ ಬಾಯಿ ಸುಟ್ಟದ್ದನ್ನು ನಾನು ಒಪ್ಪುವುದಿಲ್ಲ; ಹಾಲನ್ನು ಮನೆಮಂದಿಗೆ ಉಳಿಸಿಕೊಂಡನಲ್ಲ, ಅದನ್ನು ಒಪ್ಪುತ್ತೇನೆ. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ. ಕಾಲು ಲೀಟರ್ ಹಾಲಿಗೆ 10-12 ರೂಪಾಯಿ. ಆ ದುಡ್ಡಿಗೆ ಒಂದೂವರೆ ಮೊಟ್ಟೆ ಬರುತ್ತದೆ, ಮೊಟ್ಟೆಯೇ ಬೆಕ್ಕಿಗೆ ಒಗ್ಗುವುದು. ಬೇಯಿಸಿ ಕೊಡಿ, ಹಸಿಯದು ಬೇಡ.

"ನಾವು ಉಂಡಿದ್ದೇ ಅದಕ್ಕೂ, ಸಾರನ್ನ ಹಾಕಿದರೆ ಮುಗಿಯಿತು." ಈ ಮಾತಿನಲ್ಲಿ ಇರುವ ಅಪಾಯ ನಮ್ಮ ಸೀಮೆಗೇ ಹೆಚ್ಚು. ಅಜ್ಜಂಪುರದ ಸುತ್ತ ಈರುಳ್ಳಿ ಬೆಳೆಯುವ ಊರುಗಳಲ್ಲಿ ಈರುಳ್ಳಿ ಬೀಳದ ಸಾರುಂಟೆ? ಈರುಳ್ಳಿ, ಬೆಳ್ಳುಳ್ಳಿ ಎರಡೂ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದೇಹದ ತೂಕದ ಪ್ರತಿ ಕಿಲೋಗೆ 5 ಗ್ರಾಂ ಈರುಳ್ಳಿ ಸಾಕು, ನಾಲ್ಕು ಕಿಲೋ ಬೆಕ್ಕಿಗೆ 20 ಗ್ರಾಂ, ಒಂದು ಚಿಕ್ಕ ಗಡ್ಡೆ. ಬೆಂದರೂ ವಿಷ ಹೋಗುವುದಿಲ್ಲ. ಬೆಕ್ಕು ಸೊರಗುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ, ನಾವು ದೃಷ್ಟಿಯಾಯಿತು ಅಂದುಕೊಳ್ಳುತ್ತೇವೆ.

ಅನ್ನ ಬೇಡವೆನ್ನುತ್ತಿಲ್ಲ, ಬರೀ ಅನ್ನ ಬೇಡ. ಬೆಕ್ಕಿಗೆ ಟಾರಿನ್ ಎಂಬ ಸತ್ವ ಬೇಕೇ ಬೇಕು. ಅದಿಲ್ಲದಿದ್ದರೆ ಕಣ್ಣಿನ ಅಕ್ಷಿಪಟಲ (ರೆಟಿನಾ) ಹಾಳಾಗುತ್ತದೆ ಎಂದು 1975ರಲ್ಲಿ, ಹೃದಯ ಸೋಲುತ್ತದೆ ಎಂದು 1987ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿಕೊಟ್ಟರು. ಅಕ್ಕಿ, ರಾಗಿಯಲ್ಲಿ ಅದಿಲ್ಲ. ಕೋಳಿಯ ಗುಂಡಿಗೆಯಲ್ಲಿ ಧಾರಾಳವಾಗಿದೆ. ಕೋಳಿ ಅಂಗಡಿಯಲ್ಲಿ ಗಿರಾಕಿಗಳು ಬೇಡವೆಂದು ಬಿಟ್ಟುಹೋಗುವ ಗುಂಡಿಗೆ, ಕಲ್ಲೀಜ, ಚೂರುಪಾರು ಮಾಂಸವನ್ನು ವಾರಕ್ಕೊಮ್ಮೆ ಕೇಳಿ ತನ್ನಿ. ಪರಿಚಯವಿದ್ದರೆ ಅಂಗಡಿಯವನು ಇಪ್ಪತ್ತು ಮೂವತ್ತಕ್ಕೆ ಕವರು ತುಂಬಿ ಕೊಡುತ್ತಾನೆ. ಉಪ್ಪು, ಖಾರ, ಈರುಳ್ಳಿ ಏನೂ ಹಾಕದೆ ಸ್ವಲ್ಪವೇ ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲದೆ ಅನ್ನಕ್ಕೆ ಹಿಸುಕಿ. ಟಾರಿನ್ ನೀರಿಗೇ ಇಳಿದಿರುತ್ತದೆ. ಬೆಂದ ಮೂಳೆ ಮಾತ್ರ ಹಾಕಬೇಡಿ, ಗಂಟಲಿಗೆ ಚುಚ್ಚುತ್ತದೆ. ಇದರ ಮೇಲೆ ದಿನ ಬಿಟ್ಟು ದಿನ ಒಂದು ಮೊಟ್ಟೆ. ತಿಂಗಳಿಗೆ 250 ರೂಪಾಯಿ ದಾಟುವುದು ಕಷ್ಟ.

"ನಮ್ಮದು ಲಿಂಗ ಕಟ್ಟಿದ ಮನೆ, ಮೊಟ್ಟೆ ಮಾಂಸ ಹೊಸ್ತಿಲು ದಾಟುವಂತಿಲ್ಲ." ಇದು ನ್ಯಾಯವಾದ ಆಕ್ಷೇಪ, ಇದಕ್ಕೆ ನಗುವವನು ನಾನಲ್ಲ. ಆದರೆ ಬೆಕ್ಕಿಗೆ ದೀಕ್ಷೆ ಕೊಡಲು ಬರುವುದಿಲ್ಲ. ಇಂಥ ಮನೆಗಳಿಗೆ ಅಂಗಡಿಯ ಒಣ ತಿಂಡಿಯೇ ದಾರಿ. ಕಿಲೋಗೆ 350ರ ಆಸುಪಾಸು. ದಿನಕ್ಕೆ 60 ಗ್ರಾಂ ಹಾಕಿದರೆ ತಿಂಗಳಿಗೆ 600ರ ಮೇಲಾಗುತ್ತದೆ. ಹಿತ್ತಿಲ ಕಡೆ ಒಂದು ತಟ್ಟೆ ಇಟ್ಟರೆ ಮಡಿಯೂ ಉಳಿಯಿತು, ಬೆಕ್ಕೂ ಉಳಿಯಿತು.

"ಬೆಕ್ಕಿಗಿಂತ ಪಾಷಾಣ ಅಗ್ಗ" ಎಂದವರೊಬ್ಬರು ತೆಂಗಿನ ತೋಟದವರು, ಅಟ್ಟದಲ್ಲಿ ಉಂಡೆ ಕೊಬ್ಬರಿಗೆಂದು ಕಾಯಿ ಪೇರಿಸಿದವರು. ಕಾಯಿ ಅಟ್ಟದಲ್ಲಿ ಒಣಗಿ ಗುಡುಗುಡು ಅನ್ನಲು ಹತ್ತು ಹನ್ನೊಂದು ತಿಂಗಳು ಬೇಕು. ಅಷ್ಟು ಕಾಲ ಅಡುಗೆಮನೆಯ ನೆತ್ತಿಯ ಮೇಲೆ ಪಾಷಾಣ ಇಟ್ಟುಕೊಂಡು ಬಾಳುವುದು ಯಾವ ಅಗ್ಗ? ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲಕ್ಕೆ ಸೇರಿದರೆ ಫಾಸ್ಫಿನ್ ಅನಿಲವಾಗುತ್ತದೆ. ಮಗುವಿನ ಹೊಟ್ಟೆಯೂ ಹೊಟ್ಟೆಯೇ. ಆ ಪಾಷಾಣಕ್ಕೆ ನೆಚ್ಚಬಹುದಾದ ಪ್ರತಿವಿಷವೂ ಇಲ್ಲ. ಒಂದು ಮಾತು ಒಪ್ಪುತ್ತೇನೆ: ತೆಂಗಿನ ಮರದ ಸುಳಿಯಲ್ಲಿ ಕೂತು ಎಳನೀರು ಕೊರೆಯುವ ಇಲಿಗೆ ಬೆಕ್ಕು ಏನೂ ಮಾಡಲಾರದು, ಅದಕ್ಕೆ ಬೊಡ್ಡೆಗೆ ತಗಡು ಸುತ್ತುವುದೇ ಸರಿ. ಬೆಕ್ಕಿನ ಸರಹದ್ದು ಅಟ್ಟ, ಕಣಜ, ಹುಲ್ಲಿನ ಮೆದೆ. ಇಲಿ ಉಚ್ಚೆಯಿಂದ ಬರುವ ಇಲಿಜ್ವರಕ್ಕೆ ನಾಲ್ಕು ದಿನ ಆಸ್ಪತ್ರೆ ಸೇರಿದರೆ ಎಷ್ಟಾಗುತ್ತದೆ ಎಂದು ಸೇರಿದವರನ್ನೇ ಕೇಳಿ.

ಇನ್ನು ಬೆಂಗಳೂರಿನ ಹುಡುಗರು. "ಡಾಕ್ಟರ ಫೀಸು ಕೊಡಲಾಗದವನಿಗೆ ಬೆಕ್ಕಿನ ಶೋಕಿ ಯಾಕೆ?" ಇವರು ಬೆಕ್ಕನ್ನು ದುಡ್ಡು ಕೊಟ್ಟು ಕೊಳ್ಳುವವರು. ಬುಕ್ಕಾಂಬುಧಿಯಲ್ಲಿ ಬೆಕ್ಕನ್ನು ಕೊಂಡವರು ಯಾರು? ಅದು ತಾನೇ ಬಂದು ಅಟ್ಟ ಹತ್ತಿರುತ್ತದೆ. ಸಾಕಬೇಕೋ ಬೇಡವೋ ಎಂಬ ಪ್ರಶ್ನೆ ಇಲ್ಲಿ ಹುಟ್ಟುವುದೇ ಇಲ್ಲ. ಬಂದದ್ದನ್ನು ಹೇಗೆ ಇಟ್ಟುಕೊಳ್ಳುವುದು ಎನ್ನುವುದಷ್ಟೇ ನಮ್ಮ ಮುಂದಿರುವುದು. ಆಡುವ ಗೊಂಬೆ, ಹಾಸಿಗೆ, ಪರಿಮಳದ ಮರಳು ಇವೆಲ್ಲ ಪಟ್ಟಿಯಿಂದ ಬಿಟ್ಟರೆ ಬೆಕ್ಕಿಗೇನೂ ನಷ್ಟವಿಲ್ಲ. ಅವರ ಒಂದು ಎಚ್ಚರಿಕೆಯನ್ನು ಮಾತ್ರ ತಲೆಮೇಲೆ ಹೊತ್ತುಕೊಳ್ಳುತ್ತೇನೆ: ದುಡ್ಡುಳಿಸಲು ಮನೆಮದ್ದಿಗೆ ಇಳಿಯಬೇಡಿ. ಜ್ವರವೆಂದು ಅರ್ಧ ಪ್ಯಾರಾಸಿಟಮಾಲ್ ಕೊಟ್ಟರೆ ಬೆಕ್ಕು ಸಾಯುತ್ತದೆ. ನಾಯಿಯ ಉಣ್ಣೆಗೆ ಹಾಕುವ ಪರ್ಮೆಥ್ರಿನ್ ಹನಿಯೂ ಅಷ್ಟೇ.

ಲಸಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರು ತಿಂಗಳಿಗೆ ಒಂದು, ಆಮೇಲೆ ವರ್ಷಕ್ಕೊಂದು. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಸುಮಾರಿಗೆ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಪುಕ್ಕಟೆ ಹಾಕುವುದು ವಾಡಿಕೆ. ಆಗ ನಾಯಿಗಳ ಸಾಲಿನಲ್ಲಿ ಬೆಕ್ಕನ್ನೂ ನಿಲ್ಲಿಸಬಹುದು, ಬುಟ್ಟಿಯ ಬಾಯಿ ಭದ್ರವಾಗಿದ್ದರೆ.

ಎಲ್ಲರೂ ಮುಗಿಬಿದ್ದಿದ್ದು ಆಪರೇಷನ್ ಮಾತಿಗೆ. ಒಬ್ಬರಿಗೆ ಅದು ಪಾಪ, ಇನ್ನೊಬ್ಬರಿಗೆ ದೂರ, ಮತ್ತೊಬ್ಬರಿಗೆ ದುಂದು. ಪಾಪದ ಮಾತು ಆಡುವವರು ಮರಿಗಳ ಗತಿ ಏನೆಂದು ಹೇಳಲಿ. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎನ್ನುತ್ತಾರಲ್ಲ, ಎಂಟನೆಯ ಮನೆಯವರು ಗೋಣಿಚೀಲ ತರುತ್ತಾರೆ. ಕತ್ತಲಾದ ಮೇಲೆ ಕೆರೆ ಏರಿಯಾಚೆ, ಇಲ್ಲವೇ ಬೇರೆ ಊರಿನ ಸಂತೆಮಾಳದಲ್ಲಿ ಬಿಟ್ಟುಬರುತ್ತಾರೆ. ಹಸಿದು ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ತಪ್ಪಿಗೆ ಆ ಕಾಯ್ದೆ ಬರೆದಿಟ್ಟ ದಂಡ 10ರಿಂದ 50 ರೂಪಾಯಿ! ಕಾನೂನಿಗೇ ಬೆಕ್ಕಿನ ಮರಿಯ ಬೆಲೆ ಇಷ್ಟಾದರೆ ನಮ್ಮನ್ನು ಬೈದು ಫಲವೇನು.

ದುಂದು ಅನ್ನುವವರು ಇದನ್ನು ಕೇಳಿ. ಹೆಣ್ಣು ಬೆಕ್ಕು ಐದು ತಿಂಗಳಿಗೇ ಬೆದೆಗೆ ಬರಬಹುದು. ಗರ್ಭ 63ರಿಂದ 65 ದಿನ. ಮರಿ ಇನ್ನೂ ಮೊಲೆ ಬಿಟ್ಟಿರುವುದಿಲ್ಲ, ತಾಯಿ ಮತ್ತೆ ಬೆದೆಗೆ ಬಂದಿರುತ್ತದೆ. ವರ್ಷಕ್ಕೆ ಎರಡು ಸೂಲು, ಸೂಲಿಗೆ ನಾಲ್ಕು ಮರಿ ಎಂದುಕೊಂಡರೂ ಎಂಟಾಯಿತು. ವರ್ಷ ತುಂಬುವಾಗ ಮೊದಲ ಸೂಲಿನ ಹೆಣ್ಣುಮರಿಗಳೂ ಬಸುರು. ತಿಂಗಳಿಗೆ 250ರ ನನ್ನ ಲೆಕ್ಕ ಮುರಿಯುವುದು ಇಲ್ಲಿ. ಬೆಕ್ಕು ಸಾಕಿ ಸೋತವರನ್ನು ನಾನು ಕಂಡಿಲ್ಲ, ಮರಿಮೊಮ್ಮಕ್ಕಳನ್ನು ಸಾಕಿ ಸೋತವರನ್ನು ಕಂಡಿದ್ದೇನೆ.

ದೂರದ ಮಾತು ನಿಜ. ಅಮೃತಮಹಲ್ ದನದ ತಳಿ ಕಾಪಾಡುವ ಕೇಂದ್ರವಿರುವ ತಾಲ್ಲೂಕು ಇದು; ಇಲ್ಲಿ ಪಶುವೈದ್ಯರೆಂದರೆ ದನದ ಡಾಕ್ಟರು. ಕೆಚ್ಚಲು ಬಾವು ಬಂದ ಹಸುವಿನ ಮುಂದೆ ಬೆಕ್ಕಿನ ಬುಟ್ಟಿ ಹಿಡಿದು ನಿಲ್ಲಲು ನಾಚಿಕೆಯಾಗುತ್ತದೆ ಎಂದರು ಒಬ್ಬರು. ಬೆಳಗಿನ ಗದ್ದಲ ಮುಗಿದ ಮೇಲೆ ಹೋಗಿ. ಅಜ್ಜಂಪುರ, ತರೀಕೆರೆಯ ಆಸ್ಪತ್ರೆಗಳಲ್ಲಿ ಮೊದಲು ವಿಚಾರಿಸಿ, ಗಂಡಿನದಾದರೆ ಚಿಕ್ಕ ಕೆಲಸ. ಆಗದಿದ್ದರೆ ತರೀಕೆರೆ, ಭದ್ರಾವತಿ ಮೇಲೆ ಶಿವಮೊಗ್ಗ; ಅಲ್ಲಿ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಬಸ್ಸಿನಲ್ಲಿ ಹೆಂಗಸರಿಗೆ ಶಕ್ತಿ ಯೋಜನೆ, ಬೆಕ್ಕಿಗೆ ಇಲ್ಲ. 2024ರಲ್ಲಿ ಬೆಂಗಳೂರಿಂದ ಮೈಸೂರಿಗೆ ಹೊರಟ ಅಜ್ಜಿ ಮೊಮ್ಮಗಳು ಪುಕ್ಕಟೆ ಹೋದರು, ಜೊತೆಗಿದ್ದ ನಾಲ್ಕು ಹಕ್ಕಿಗೆ ಕಂಡಕ್ಟರು 444 ರೂಪಾಯಿ ಟಿಕೆಟ್ ಹರಿದದ್ದು ಪತ್ರಿಕೆಗಳಲ್ಲಿ ಬಂದಿತ್ತು. ಬೆಕ್ಕಿನ ಟಿಕೆಟ್ ದುಡ್ಡನ್ನೂ ಖರ್ಚಿನ ಬಾಬ್ತಿಗೆ ಸೇರಿಸಿಕೊಳ್ಳಿ.

ಕೊನೆಯ ಆಕ್ಷೇಪ, ಎಲ್ಲಕ್ಕಿಂತ ಜಾಣತನದ್ದು: "ಅದು ನಮ್ಮ ಬೆಕ್ಕೇ ಅಲ್ಲ, ನಾಲ್ಕು ಮನೆ ತಿರುಗುತ್ತೆ." ಹಾಗಾದರೆ ಆಪರೇಷನ್ನಿಗೆ ನಾಲ್ಕು ಮನೆಯವರೂ ದುಡ್ಡು ಹಾಕಿ. ಖಾಸಗಿಯಲ್ಲಿ ಹೆಣ್ಣು ಬೆಕ್ಕಿಗೆ ಮೂರು ಸಾವಿರ ಕೇಳಿದರೂ ಮನೆಗೆ 750. ಸರ್ಕಾರಿಯಲ್ಲಾದರೆ ಅದಕ್ಕಿಂತ ಬಹಳ ಕಮ್ಮಿ. ವಾರವಾರ ಸಂಘಕ್ಕೆ ದುಡ್ಡು ಕಟ್ಟುವ ಹೆಂಗಸರಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ. ದುಡ್ಡು ಕೂಡಿಸಿದವರು ಡಾಕ್ಟರನ್ನು ಕೇಳಿ ದಿನ ಗೊತ್ತುಮಾಡಿಕೊಳ್ಳಲಿ. ಬೆಳೆದ ಬೆಕ್ಕಾದರೆ ಹಿಂದಿನ ರಾತ್ರಿಯಿಂದ ತಿನ್ನಲು ಏನೂ ಹಾಕಬಾರದು, ಇದನ್ನು ನಾಲ್ಕೂ ಮನೆಗೆ ಹೇಳಿಬರಬೇಕು. ಒಂದು ಮನೆಯವರು ಮರೆತು ಒಂದು ತುತ್ತು ಹಾಕಿದರೂ ಅವತ್ತು ಅರಿವಳಿಕೆ ಕೊಡದೆ ವಾಪಸು ಕಳಿಸುತ್ತಾರೆ.