ಗಿಡಕ್ಕೆ ದೀಪ ಕೊಳ್ಳುವ ಮುನ್ನ



ಬಿಸಿಲು ಕಾಣದ ಕೋಣೆಯಲ್ಲಿ ಗಿಡ ಬೆಳೆಸುವ ದೀಪವೆಂದು ಹೇಳಿಕೊಂಡು ನೇರಳೆ ಬಣ್ಣದ ಎಲ್.ಇ.ಡಿ. ದೀಪಗಳನ್ನು ಮಾರುವವರು ಈಚೆಗೆ ನಮ್ಮ ಹೊಸೂರು ಸೀಮೆಯ ಹಳ್ಳಿಗಳಿಗೂ ಬಂದು ಹೋಗಿದ್ದಾರೆ. ಡಬ್ಬದ ಮೇಲಿನ ಬರವಣಿಗೆಯೆಲ್ಲ ಇಂಗ್ಲಿಷು. ತಿಳಿದವರ ಬಳಿ ಕೇಳೋಣವೆಂದರೆ, ಇಲ್ಲಿ ಇಲಾಖೆಯವರು ಹಂಚುವ ಕರಪತ್ರಗಳು ತಮಿಳಿನಲ್ಲಿ ಬರುತ್ತವೆ; ಮನೆಯಲ್ಲಿ ಕನ್ನಡ ಓದಿ ಬೆಳೆದ ನಮ್ಮ ಹಿರಿಯರಿಗೆ ಅದೂ ಅಷ್ಟಕ್ಕಷ್ಟೆ. ಹೀಗಾಗಿ ಮಾರುವವನು ಹೇಳಿದ್ದೇ ಶಾಸ್ತ್ರವಾಗಿಬಿಡುವುದುಂಟು. ಈ ವಿಷಯದಲ್ಲಿ ನನಗೆ ತಿಳಿದಷ್ಟನ್ನು ವಾಚಕರ ಮುಂದಿಡುತ್ತೇನೆ.

ಮೊದಲು ನಡೆದ ಸಂಗತಿ. ನಮ್ಮ ನೆರೆಯ ಹಳ್ಳಿಯ ಹುಡುಗನೊಬ್ಬ, ಓದಿದವನು, ಕಾರ್ಖಾನೆಯ ಕೆಲಸ ಬಿಟ್ಟು ಊರಿಗೆ ಬಂದವನು, ಮನೆಯ ಹಿಂದಿನ ಕೋಣೆಯಲ್ಲಿ ಕೇಸರಿ ಬೆಳೆಯುತ್ತೇನೆಂದು ಹೊರಟ. ತಾಯಿಯ ಒಡವೆ ಅಡವಿಟ್ಟು ನಾಲ್ಕು ಲಕ್ಷ ರೂಪಾಯಿ ತಂದ. ಅದರಲ್ಲಿ ತಂಪು ಮಾಡುವ ಯಂತ್ರ, ಕಾಶ್ಮೀರದ ಗೆಡ್ಡೆ, ಹಲಗೆಗಳ ಅಟ್ಟ, ಮತ್ತು "ಸಾವಿರ ವ್ಯಾಟಿನವು" ಎಂದು ಕೊಂಡ ಹನ್ನೆರಡು ನೇರಳೆ ದೀಪಗಳು. ಮೊದಲ ವರ್ಷ ಹೂ ಬಂದಿತು. ಊರೆಲ್ಲ ನೋಡಲು ಹೋಯಿತು, ನಾನೂ ಹೋಗಿದ್ದೆ. ಎರಡನೆಯ ವರ್ಷ ಎಲೆ ಬಂದಿತೇ ಹೊರತು ಹೂ ಬರಲಿಲ್ಲ. ಆಗ ಅವನು ನನ್ನಲ್ಲಿಗೆ ಬಂದು, "ಅಣ್ಣಾ, ದೀಪ ಸಾಲದೋ, ಗೆಡ್ಡೆ ಕೆಟ್ಟಿದೆಯೋ?" ಎಂದು ಕೇಳಿದ.

ದೀಪ ಪರೀಕ್ಷಿಸಲು ದೊಡ್ಡ ಯಂತ್ರವೇನೂ ಬೇಕಾಗಲಿಲ್ಲ. ಮನೆಯ ವಿದ್ಯುತ್ ಮೀಟರಿನಲ್ಲಿ ಕೆಂಪು ಚುಕ್ಕಿಯೊಂದು ಮಿನುಗುತ್ತಿರುತ್ತದೆಯಷ್ಟೆ. ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿನುಗುವುದೆಂದು ಮೀಟರಿನ ಮೇಲೆಯೇ ಬರೆದಿರುವುದು. ಅವನ ಮೀಟರಿನಲ್ಲಿ 3200 ಎಂದಿತ್ತು. ಮನೆಯ ಉಳಿದ ಸ್ವಿಚ್ಚುಗಳನ್ನೆಲ್ಲ ಆರಿಸಿ ಒಂದೇ ಒಂದು ದೀಪ ಹಚ್ಚಿ ಎಣಿಸಿದೆವು. ನಿಜವಾಗಿ ಸಾವಿರ ವ್ಯಾಟಾಗಿದ್ದರೆ ನಿಮಿಷಕ್ಕೆ 53 ಸಲ ಮಿನುಗಬೇಕು. ಮಿನುಗಿದ್ದು ಆರು ಸಲ. ಲೆಕ್ಕ ಹಾಕಿದರೆ ಸುಮಾರು 112 ವ್ಯಾಟು. ಸಾವಿರ ಎಂಬುದು ಹಳೆಯ ಕಾಲದ ಯಾವುದೋ ದೀಪಕ್ಕೆ ಸಮಾನವೆಂದು ಮಾರುವವರು ತಾವೇ ಅಂಟಿಸಿದ ಅಂಕಿ. ಗಿಡದ ದೀಪ ಕೊಂಡವರು ಯಾರೇ ಇರಲಿ, ಮೊದಲ ದಿನವೇ ಈ ಎಣಿಕೆ ಮಾಡಿ ನೋಡತಕ್ಕದ್ದು. ಹಿಂದಿರುಗಿಸುವ ಗಡುವು ಮುಗಿಯುವ ಮುನ್ನ.

ಇನ್ನು ಬಣ್ಣದ ಮಾತು. ಎಲೆಯ ಹಸಿರು ಕೆಂಪು ಮತ್ತು ನೀಲಿ ಬೆಳಕನ್ನು ಹೆಚ್ಚಾಗಿ ಹೀರುವುದು ನಿಜ. ಅದನ್ನೇ ಹಿಡಿದುಕೊಂಡು, ಬರೇ ಕೆಂಪು ನೀಲಿ ಕೊಟ್ಟರೆ ಸಾಕು, ಉಳಿದುದೆಲ್ಲ ದಂಡವೆಂದು ಮಾರುವವರು ವಾದಿಸುತ್ತಾರೆ. ಆದರೆ ಮೆಕ್‌ಕ್ರೀ ಎಂಬ ವಿಜ್ಞಾನಿ ಅನೇಕ ಬೆಳೆಗಳ ಎಲೆಗಳನ್ನು ಬಣ್ಣಬಣ್ಣದ ಬೆಳಕಿನಲ್ಲಿಟ್ಟು ಪರೀಕ್ಷಿಸಿ 1972ರಲ್ಲಿ ತೋರಿಸಿದಂತೆ, ಹಸಿರು ಬೆಳಕೂ ಗಿಡಕ್ಕೆ ಆಹಾರವಾಗುತ್ತದೆ. ಕೆಂಪಿನಷ್ಟು ಅಲ್ಲದಿದ್ದರೂ ತಳ್ಳಿಹಾಕುವಂತಿಲ್ಲ. ಅಲ್ಲದೆ ಅದು ಎಲೆಯ ಒಳಪದರದ ತನಕ ಇಳಿಯುವುದು. ನಾವು ಮನೆಯಲ್ಲಿ ಹಚ್ಚುವ ಬಿಳಿಯ ಎಲ್.ಇ.ಡಿ. ದೀಪದೊಳಗೆ ಇರುವುದು ನೀಲಿ ದೀಪವೇ. ಅದರ ಮೇಲೆ ಹಳದಿ ಪುಡಿಯ ಲೇಪ ಕೊಟ್ಟಾಗ ಬಿಳಿಯಾಗಿ ಕಾಣುತ್ತದೆ. ಆ ನೀಲಿ ದೀಪ ಕಂಡುಹಿಡಿದ ಮೂವರಿಗೆ 2014ರಲ್ಲಿ ನೊಬೆಲ್ ಬಹುಮಾನ ಬಂದಿತು. ಗಿಡಕ್ಕೆ ಬೇಕಾದ ನೀಲಿ, ಹಸಿರು, ಕೆಂಪು ಮೂರೂ ಆ ಬಿಳಿ ದೀಪದಲ್ಲಿ ಉಂಟು.

ನೇರಳೆ ದೀಪದ ಇನ್ನೊಂದು ದೋಷವನ್ನು ಅನುಭವಿಸಿದವರೇ ಬಲ್ಲರು. ಅದರ ಕೆಳಗೆ ಎಲೆ ಹಳದಿಗೆ ತಿರುಗಿದ್ದು ಕಾಣುವುದಿಲ್ಲ, ಚುಕ್ಕೆ ರೋಗ ಕಾಣುವುದಿಲ್ಲ, ನುಸಿ ಹತ್ತಿದ್ದೂ ಕಾಣುವುದಿಲ್ಲ. ಎಲ್ಲವೂ ಒಂದೇ ಕಪ್ಪು. ಗಿಡ ನೋಡಿಕೊಳ್ಳುವುದೆಂದರೆ ಮುಕ್ಕಾಲು ಪಾಲು ಕಣ್ಣಿನ ಕೆಲಸ. ಕಣ್ಣನ್ನೇ ಕಟ್ಟುವ ದೀಪ ಕೊಂಡು ಮಾಡುವುದೇನು?

ಹಾಗಾದರೆ ಯಾವುದನ್ನು ನೋಡಿ ಕೊಳ್ಳಬೇಕು? ಬೆಳಕು ಕಣಕಣವಾಗಿ ಬೀಳುವುದೆಂದು ವಿಜ್ಞಾನಿಗಳು ಹೇಳುತ್ತಾರೆ. ಕಾಳಿಗೆ ಸೇರು, ಬಳ್ಳ ಇರುವಂತೆ ಆ ಕಣಗಳಿಗೆ ಮೈಕ್ರೋಮೋಲ್ ಎಂಬ ಅಳತೆ. ಬೇಸಗೆಯ ನಡುಹಗಲಿನ ಬಿಸಿಲು ಒಂದು ಚದರ ಮೀಟರಿಗೆ ಸೆಕೆಂಡಿಗೆ ಸುಮಾರು 2000 ಮೈಕ್ರೋಮೋಲ್ ಸುರಿಯುತ್ತದೆ. ಒಳ್ಳೆಯ ಗಿಡದೀಪವಾದರೆ ಒಂದು ವ್ಯಾಟಿಗೆ ಎರಡೂವರೆ ಮೈಕ್ರೋಮೋಲಿನ ಆಸುಪಾಸು ಕೊಡಬೇಕು. ಮನೆಯ ಸಾಮಾನ್ಯ ಬಲ್ಬು ಅದರ ಅರ್ಧದಷ್ಟು ಕೊಟ್ಟೀತು. ಡಬ್ಬದ ಮೇಲೆ ಈ ಅಂಕಿ ಇಲ್ಲದಿದ್ದರೆ, ಕೇಳಿದಾಗ ಅಂಗಡಿಯವನು ಮಾತು ಬದಲಿಸಿದರೆ, ಆ ದೀಪ ನಮಗೆ ಬೇಡ.

ಸೊಪ್ಪಿನ ಲೆಕ್ಕ ಮಾಡಿ ನೋಡೋಣ. ಒಂದು ಚದರ ಮೀಟರಿಗೆ, ಎಂದರೆ ಸುಮಾರು 11 ಚದರಡಿಗೆ, ಸೆಕೆಂಡಿಗೆ 200 ಮೈಕ್ರೋಮೋಲಿನಂತೆ ದಿನಕ್ಕೆ 16 ಗಂಟೆ ಕೊಟ್ಟರೆ ಸೊಪ್ಪು ಸುಮಾರಾಗಿ ಬೆಳೆದೀತು. ಅದಕ್ಕೆ ಒಳ್ಳೆಯ ದೀಪವೇ ಆದರೂ 80 ವ್ಯಾಟು ಬೇಕು. ದಿನಕ್ಕೆ ಒಂದೂಕಾಲು ಯೂನಿಟ್ಟು, ತಿಂಗಳಿಗೆ 38 ಯೂನಿಟ್ಟು ಆಯಿತು. ಯೂನಿಟ್ಟಿಗೆ 8 ರೂಪಾಯಿ ಎಂದು ಹಿಡಿದರೆ ಮುನ್ನೂರು ರೂಪಾಯಿ. ಅಷ್ಟು ಜಾಗದಲ್ಲಿ ತಿಂಗಳಿಗೆ ಎರಡು ಮೂರು ಕಿಲೋ ಸೊಪ್ಪು ಬಂದರೆ ಪುಣ್ಯ. ಕಿಲೋವಿಗೆ ಬೆಳಕಿನ ಖರ್ಚೇ ನೂರು ರೂಪಾಯಿ ಮೀರಿತು. ದೀಪದ ಬೆಲೆ, ಬೀಜ, ಆಳು, ಸಾಗಾಟ ಬೇರೆ. ಸಂತೆಯಲ್ಲಿ ದಂಟಿನ ಸೊಪ್ಪಿನ ಕಟ್ಟಿಗೆ ಏನು ಬೆಲೆಯೆಂಬುದನ್ನು ನಾನು ತಮಗೆ ಹೇಳಬೇಕಾಗಿಲ್ಲ. ಅಮೆರಿಕದಲ್ಲಿ ಕೋಟಿಗಟ್ಟಲೆ ಡಾಲರು ಸುರಿದು ದೀಪದಡಿ ಸೊಪ್ಪು ಬೆಳೆಯಲು ಹೊರಟ ಏರೋಫಾರ್ಮ್ಸ್ 2023ರ ಜೂನಿನಲ್ಲಿ ದಿವಾಳಿ ಅರ್ಜಿ ಹಾಕಿತು. ಬವೆರಿ ಎಂಬುದು 2024ರ ನವೆಂಬರಿನಲ್ಲಿ ಬಾಗಿಲು ಮುಚ್ಚಿತು. ಅವರ ಹಣ ಅವರದು, ಹೋಗಲಿ. ನಮ್ಮಲ್ಲಿ ಹೋಗುವುದು ತಾಯಂದಿರ ಕತ್ತಿನ ಸರ.

ಪಂಪ್‌ಸೆಟ್ಟಿನ ವಿದ್ಯುತ್ತು ಈ ರಾಜ್ಯದಲ್ಲಿ ರೈತರಿಗೆ ಉಚಿತವಲ್ಲವೇ, ಅದರಿಂದಲೇ ದೀಪ ಹಚ್ಚಿದರಾಯಿತೆಂದು ಕೆಲವರು ಪಿಸುಗುಟ್ಟುವುದನ್ನು ಕೇಳಿದ್ದೇನೆ. ನೀರೆತ್ತಲು ಕೊಟ್ಟದ್ದನ್ನು ಬೇರೆಯದಕ್ಕೆ ತಿರುಗಿಸುವ ಮುನ್ನ ವಿದ್ಯುತ್ ಕಛೇರಿಯಲ್ಲಿ ಕೇಳಿ, ಬರವಣಿಗೆಯಲ್ಲಿ ಉತ್ತರ ಪಡೆಯತಕ್ಕದ್ದು. ದಂಡ ಬಿದ್ದಾಗ ದೀಪ ಮಾರಿದವನು ಬಂದು ಕಟ್ಟುವುದಿಲ್ಲ.

ಕೇಸರಿಯ ಹುಡುಗನಿಗೆ ನಾನು ಹೇಳಿದ್ದು ಇದು. ಕೇಸರಿಯ ಹೂವು ಬರುವುದು ಗೆಡ್ಡೆಯೊಳಗೆ ಕೂಡಿಟ್ಟ ಸತ್ವದಿಂದ. ಮೊದಲ ವರ್ಷದ ಹೂವಿಗೆ ನಿನ್ನ ದೀಪ ಕಾರಣವಲ್ಲ, ಕಾಶ್ಮೀರದ ಹೊಲದ ಬಿಸಿಲು ಕಾರಣ. ಹೂವಾದ ಮೇಲೆ ಎಲೆ ಬೆಳೆದು ಐದಾರು ತಿಂಗಳು ಬೆಳಕು ತಿಂದರೆ ಮಾತ್ರ ಮರಿ ಗೆಡ್ಡೆ ದಪ್ಪವಾಗುವುದು. ಎಂಟು ಹತ್ತು ಗ್ರಾಮಿಗಿಂತ ಸಣ್ಣ ಗೆಡ್ಡೆ ಸಾಮಾನ್ಯವಾಗಿ ಹೂ ಬಿಡುವುದಿಲ್ಲ. ಪಾಂಪೋರಿನ ಕಡೆ ಮನೆಯೊಳಗೆ ಹೂ ಬಿಡಿಸುವವರೂ ಆಮೇಲೆ ಗೆಡ್ಡೆಯನ್ನು ಹೊಲಕ್ಕೇ ಕೊಂಡೊಯ್ದು ನೆಡುತ್ತಾರೆ. ಮಾರುವವನು ಈ ಅರ್ಧ ಕಥೆಯನ್ನು ಹೇಳದೆ ಬಿಟ್ಟಿದ್ದ. ಒಂದು ಕಿಲೋ ಒಣ ಕೇಸರಿಗೆ ಸುಮಾರು ಒಂದೂವರೆ ಲಕ್ಷ ಹೂ ಬೇಕು, ಗ್ರಾಮಿಗೆ ನೂರೈವತ್ತು. ಮೊದಲ ವರ್ಷ ಎಷ್ಟು ಹೂ ಬಿಡಿಸಿದ್ದೆಯೆಂದು ಕೇಳಿದೆ. ಅವನು ಎಣಿಸಿದ್ದ, ಪಾಪ. ಹೇಳಲು ಮನಸ್ಸು ಬರಲಿಲ್ಲ.

ಇಷ್ಟು ಹೇಳಿದೆನೆಂದು ಗಿಡಕ್ಕೆ ದೀಪವೇ ಕೂಡದೆಂದು ವಾಚಕರು ತಿಳಿಯಬಾರದು. ಮನೆಮಟ್ಟಿಗೆ ಅದು ಬಹಳ ಉಪಕಾರಿ. ನಮ್ಮ ಸೊಸೆ ಬೆಂಗಳೂರಿನಲ್ಲಿ ನಾಲ್ಕನೆಯ ಮಹಡಿಯಲ್ಲಿದ್ದಾಳೆ. ಕಿಟಕಿಯೆದುರು ಇನ್ನೊಂದು ಕಟ್ಟಡದ ಗೋಡೆ. ಊರಿನಿಂದ ಒಯ್ದ ತುಳಸಿ ಮೂರು ಸಲ ಒಣಗಿತು. "ಮಾವ, ಏನಾದರೂ ದೀಪ ಹಾಕಬಹುದೇ?" ಎಂದು ಕೇಳಿದಳು. ಮೊಬೈಲಿನಲ್ಲಿ ಬೆಳಕು ಅಳೆಯುವ ಆಪ್ ಹಾಕಿ ನೋಡಿದಾಗ ಕಿಟಕಿಯ ಬಳಿ 600 ಲಕ್ಸ್ ತೋರಿಸಿತು. ಮನಿ ಪ್ಲಾಂಟಿನಂಥ ನೆರಳು ತಡೆಯುವ ಗಿಡಕ್ಕೆ ಅದು ಹೇಗೋ ನಡೆದೀತು. ತುಳಸಿ ಬಿಸಿಲಿನ ಮಗಳು. ಅದಕ್ಕೆ ಹತ್ತು ಸಾವಿರದಷ್ಟಾದರೂ ಬೇಕು. ಬಯಲಿನ ಬಿಸಿಲು ಲಕ್ಷದಷ್ಟಿರುತ್ತದೆ. ಮುಚ್ಚಳವಿದ್ದು ಬೆಳಕನ್ನು ಕೆಳಕ್ಕೆ ಚೆಲ್ಲುವಂಥ 18 ವ್ಯಾಟಿನ ಬಿಳಿ ದೀಪವೊಂದನ್ನು ಗಿಡದ ನೆತ್ತಿಯಿಂದ ಒಂದು ಗೇಣು ಮೇಲೆ ಕಟ್ಟಿ, ದಿನಕ್ಕೆ 14 ಗಂಟೆ ಉರಿಯುವಂತೆ ಟೈಮರ್ ಇಡಿಸಿದೆ. ತಿಂಗಳಿಗೆ ಎಂಟು ಯೂನಿಟ್ಟಿನೊಳಗೆ ಮುಗಿಯುತ್ತದೆ. ಈಗ ತುಳಸಿ ಕದಿರು ಬಿಟ್ಟಿದೆ. ಇಲ್ಲಿ ಲಾಭ ನಷ್ಟದ ಲೆಕ್ಕವಿಲ್ಲ. ದಿನವೂ ಕೈಮುಗಿಯುವ ಗಿಡ ಹಸಿರಾಗಿದ್ದರೆ ಸಾಕು.

ಗೇಣಿನ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ದೀಪ ಒಂದು ಗೇಣಿನಿಂದ ಎರಡು ಗೇಣಿಗೆ ಏರಿದರೆ ಬೆಳಕು ಅರ್ಧವಾಗುವುದಿಲ್ಲ, ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. ಕಂದೀಲಿನ ಸುತ್ತ ಕುಳಿತು ಓದಿದ ನಮ್ಮ ತಲೆಯವರಿಗೆ ಇದು ಗೊತ್ತು. ಹತ್ತಿರದ ಜಾಗಕ್ಕೆ ಜಗಳವಾಡಿದ್ದು ಅದಕ್ಕೇ. ತೀರ ಹತ್ತಿರ ತಂದರೆ ಕುಡಿ ಸುಡುವುದೂ ಉಂಟು. ಅಂಗೈಯನ್ನು ಗಿಡದ ನೆತ್ತಿಯಲ್ಲಿ ಐದು ನಿಮಿಷ ಹಿಡಿದು ನೋಡಿ. ಕೈಗೆ ಬಿಸಿಯೆನಿಸಿದರೆ ಗಿಡಕ್ಕೂ ಬಿಸಿಯೇ. ಲಕ್ಸ್ ತೋರಿಸುವ ಆಪ್ ಬಿಳಿ ದೀಪಕ್ಕೆ ಸುಮಾರಾಗಿ ಸರಿ. ನೇರಳೆ ದೀಪಕ್ಕೆ ಅದನ್ನು ನಂಬಬಾರದು, ಅದು ಮನುಷ್ಯರ ಕಣ್ಣಿಗೆ ತಕ್ಕಂತೆ ಅಳೆಯುವ ಅಳತೆ.

ಸಸಿಮಡಿಗೂ ಹೀಗೆಯೇ. ಮೋಡ ಮುಚ್ಚಿದ ದಿನಗಳಲ್ಲಿ ಟೊಮೇಟೊ, ಮೆಣಸಿನ ಸಸಿ ಬೆಳಕಿಗೆ ಹಂಬಲಿಸಿ ಕಡ್ಡಿಯಂತೆ ಉದ್ದಕ್ಕೆ ಬೆಳೆದು ಬಾಗುತ್ತವೆ. ಒಂದು ಚದರ ಮೀಟರಿನಲ್ಲಿ ನೂರಾರು ಸಸಿ ನಿಲ್ಲುವುದರಿಂದ ಬೆಳಕಿನ ಖರ್ಚು ಸಸಿಯೊಂದಕ್ಕೆ ಹಂಚಿದರೆ ತೀರ ಕಡಿಮೆ. ಅಲ್ಲಿ ಕೊಳವೆ ದೀಪಗಳ ಸಾಲು ಒಳ್ಳೆಯದು. ಗುಂಡು ಬಲ್ಬಿಗಿಂತ ಬೆಳಕು ಸಮನಾಗಿ ಹರಡುವುದು.

ನಮ್ಮ ಕಡೆಯ ರೈತರಿಗೆ ದೀಪದಿಂದ ನಿಜವಾದ ದುಡ್ಡು ಬರುವುದು ಸೇವಂತಿಗೆಯಲ್ಲಿ. ಇದು ಕೋಣೆಯ ಬೆಳೆಯಲ್ಲ, ಬಯಲಿನ ಬೆಳೆ. ಆದರೂ ದೀಪದ ಮಾತು ಬಂದಾಗ ಬಿಡಲಾಗದು. ಇಲ್ಲಿ ದೀಪ ಗಿಡಕ್ಕೆ ಆಹಾರ ಕೊಡುವುದಿಲ್ಲ. ರಾತ್ರಿ ಇನ್ನೂ ಚಿಕ್ಕದಿದೆ ಎಂಬ ಸುದ್ದಿ ಮುಟ್ಟಿಸುತ್ತದೆ. ಗಿಡಗಳು ಹಗಲು ರಾತ್ರಿಗಳ ಉದ್ದವನ್ನು ಅಳೆದು ಹೂ ಬಿಡುತ್ತವೆಂದು ಗಾರ್ನರ್ ಮತ್ತು ಅಲ್ಲಾರ್ಡ್ ಎಂಬವರು 1920ರಲ್ಲಿ ಪ್ರಕಟಿಸಿದರು. ಸೇವಂತಿಗೆ ದೀರ್ಘ ರಾತ್ರಿ ಕಂಡರೆ ಮೊಗ್ಗು ಕಟ್ಟುವ ಗಿಡ. ನಮ್ಮ ಹೊಸೂರು ಸೀಮೆಯಲ್ಲಿ ಅತಿ ದೀರ್ಘವಾದ ಹಗಲೂ ಹದಿಮೂರು ಗಂಟೆ ಮುಟ್ಟುವುದಿಲ್ಲ. ಹೀಗಾಗಿ ಗೇಣುದ್ದವಿರುವಾಗಲೇ ಮೊಗ್ಗು ಕಟ್ಟಿ ಕೂತುಬಿಡುವುದುಂಟು. ನಾಟಿಯಾದ ಮೇಲೆ ಒಂದು ಒಂದೂವರೆ ತಿಂಗಳು, ರಾತ್ರಿ ಹತ್ತರಿಂದ ಎರಡರವರೆಗೆ ದೀಪ ಹಚ್ಚಿದರೆ ಗಿಡ ಕವಲೊಡೆದು ಬೆಳೆಯುತ್ತದೆ. ದೀಪ ನಿಲ್ಲಿಸಿದ ಮೇಲೆ ತಳಿಗೆ ತಕ್ಕಂತೆ ಎಂಟು ಹತ್ತು ವಾರಕ್ಕೆ ಹೂ. ಹಬ್ಬದಿಂದ ಹಿಂದಕ್ಕೆ ಎಣಿಸಿ ದೀಪ ನಿಲ್ಲಿಸುವ ದಿನ ಗೊತ್ತುಮಾಡಿಕೊಳ್ಳಬೇಕು.

ಇದಕ್ಕೆ ನೂರು ಲಕ್ಸಿನೊಳಗಿನ ಬೆಳಕೇ ಸಾಕು. 9 ವ್ಯಾಟಿನ ಮನೆಬಳಕೆಯ ಬಲ್ಬು ಹತ್ತಡಿಗೊಂದರಂತೆ ಕಟ್ಟಿದರೆ ಎಕರೆಗೆ ಸುಮಾರು 435 ಬಲ್ಬು. ರಾತ್ರಿಗೆ 16 ಯೂನಿಟ್ಟು. ನಲವತ್ತು ರಾತ್ರಿಗೆ ಐದು ಸಾವಿರ ರೂಪಾಯಿಯ ಸುಮಾರು. ತಣ್ಣನೆಯ ಬಿಳಿಗಿಂತ ಹಳದಿ ಛಾಯೆಯದು ಮೇಲು; ರಾತ್ರಿಯ ಸುದ್ದಿಯನ್ನು ಗಿಡ ಓದುವುದು ಕೆಂಪು ಬೆಳಕಿನಲ್ಲಿ. ನಾಲ್ಕಾರು ರಾತ್ರಿ ಕರೆಂಟು ಕೈಕೊಟ್ಟರೆ ಮೊಗ್ಗು ಕಟ್ಟಿಬಿಡಬಹುದು, ಆದುದರಿಂದ ಬದಲಿ ವ್ಯವಸ್ಥೆ ಇಲ್ಲದೆ ಇಳಿಯಬಾರದು. ಒದ್ದೆ ಹೊಲದಲ್ಲಿ ಎಳೆಯುವ ತಂತಿಗೆ ಬರಿಯ ಗಂಟುಗಳಿರಬಾರದು. ಕರೆಂಟು ಸೋರಿದರೆ ತಾನಾಗಿ ಕಡಿದುಕೊಳ್ಳುವ ಸ್ವಿಚ್ಚು ಹಾಕಿಸದೆ ನೀರು ಕಟ್ಟಲು ಹೋಗಬೇಡಿ.

ಕೇಸರಿಯ ಹುಡುಗ ಇದನ್ನೆಲ್ಲ ಕೇಳಿ, "ಹಾಗಾದರೆ ಅಣ್ಣಾ, ನನ್ನ ನೇರಳೆ ದೀಪ ಸೇವಂತಿಗೆಗೆ ಆದೀತೇ?" ಎಂದ. ಅದರಲ್ಲಿ ಕೆಂಪು ಉಂಟಲ್ಲ, ಆದೀತು ಎಂದೆ. ತಂಪು ಯಂತ್ರವನ್ನು ಅರ್ಧ ಬೆಲೆಗೆ ಮಾರಿ, ತಂದೆಯ ಕಾಲು ಎಕರೆಯಲ್ಲಿ ಸೇವಂತಿಗೆ ನೆಟ್ಟು, ಹನ್ನೆರಡು ದೀಪಗಳನ್ನೂ ಕಂಬಕ್ಕೆ ಕಟ್ಟಿದ್ದಾನೆ. ಅವು ನೇರ ಕೆಳಕ್ಕೆ ಮಾತ್ರ ಬೆಳಕು ಚೆಲ್ಲುವುದರಿಂದ ನಡುನಡುವೆ ಕತ್ತಲೆಯ ಪಟ್ಟಿ ಉಳಿದು, ಆ ಸಾಲುಗಳಲ್ಲಿ ಆಗಲೇ ಮೊಗ್ಗು ಕಾಣಿಸಿಕೊಂಡಿದೆ. ಕಳೆದ ಸೋಮವಾರ ಹೊಸೂರಿಗೆ ಹೋಗಿ ಆ ಜಾಗಗಳಿಗೆಂದು 60 ಸಾಮಾನ್ಯ ಬಲ್ಬು ತಂದಿದ್ದಾನೆ.