ಕಿರುಕೋಣೆಗೆ ಎಂತಹ ಕಂಪ್ಯೂಟರ್?

ಕಡೂರಿನಲ್ಲಿ ಬಾಡಿಗೆಯ ಕೋಣೆ ಹಿಡಿದು ಓದುವ ವಿದ್ಯಾರ್ಥಿಗೆ ಲ್ಯಾಪ್‌ಟಾಪೇ ತಕ್ಕುದು, ಅದಕ್ಕೆ ಸ್ಥಳ ಕಡಿಮೆ ಸಾಕು ಎಂಬ ಮಾತನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು.

ಲ್ಯಾಪ್‌ಟಾಪಿನಲ್ಲಿ ತೆರೆಯೂ ಕೀಲಿಮಣೆಯೂ ಒಂದಕ್ಕೊಂದು ಅಂಟಿಕೊಂಡಿವೆ. ಕೈಗೆ ಹಿತವಾದ ಎತ್ತರದಲ್ಲಿಟ್ಟರೆ ಕತ್ತು ಬಾಗಬೇಕು; ಕಣ್ಣಿನ ಮಟ್ಟಕ್ಕೆ ಏರಿಸಿದರೆ ಕೈಗಳನ್ನು ಮೇಲೆತ್ತಿಯೇ ಇರಬೇಕು. ಮೇಜಿಲ್ಲವೆಂದು ಹಾಸಿಗೆಯ ಮೇಲಿಟ್ಟರಂತೂ ಗಾಳಿಯಾಡುವ ಕಂಡಿಗಳು ಮುಚ್ಚಿಹೋಗುತ್ತವೆ. ಆಗ ಒಳಗಿನ ಪ್ರೊಸೆಸರ್ ಕಾದು, ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಕಡೂರಿನ ಏಪ್ರಿಲ್ ಬಿಸಿಲನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಡೆಸ್ಕ್‌ಟಾಪ್ ಎಂದೊಡನೆ ಹಳೆಯ ದೊಡ್ಡ ಪೆಟ್ಟಿಗೆಯನ್ನೇ ನೆನೆಯಬೇಕಿಲ್ಲ. ಇಂದು ದಪ್ಪ ನಿಘಂಟಿನಷ್ಟೇ ಗಾತ್ರದ ಪೆಟ್ಟಿಗೆಗಳು ದೊರೆಯುತ್ತವೆ. ತೆರೆಯನ್ನು ಗೋಡೆಗೆ ತೂಗುಹಾಕಬಹುದು. ಕೀಲಿಮಣೆ ಕೆಟ್ಟರೆ ಅದೊಂದನ್ನೇ ಬದಲಿಸಿದರಾಯಿತು. ಅಡಿಕೆಯನ್ನೋ ತೆಂಗನ್ನೋ ಮಾರಿದ ಹಣದಲ್ಲಿ ಕೊಳ್ಳುವ ಯಂತ್ರವು ಓದು ಮುಗಿಯುವವರೆಗಾದರೂ ಬಾಳಬೇಡವೆ?

ಆದರೆ ವಿದ್ಯುತ್ತು ಹೋದ ಕ್ಷಣವೇ ಡೆಸ್ಕ್‌ಟಾಪ್ ನಿಲ್ಲುತ್ತದೆ. ಯುಪಿಎಸ್ ಇದ್ದರೆ ಬರೆದುದನ್ನು ಉಳಿಸಿಕೊಳ್ಳುವಷ್ಟು ಹೊತ್ತು ಸಿಕ್ಕೀತು. ಲ್ಯಾಪ್‌ಟಾಪಿನ ಬ್ಯಾಟರಿಯಾದರೋ ಗಂಟೆಗಟ್ಟಲೆ ನಡೆಸುತ್ತದೆ. ಮೇಲಾಗಿ, ಶನಿವಾರ ರೈಲು ಹತ್ತಿ ಅಜ್ಜಂಪುರಕ್ಕೋ, ಬೀರೂರಿನಲ್ಲಿ ಕವಲೊಡೆಯುವ ಹಾದಿಯಲ್ಲಿ ತರೀಕೆರೆಗೋ ಮರಳುವವರು ತೆರೆಯನ್ನೂ ಪೆಟ್ಟಿಗೆಯನ್ನೂ ಹೊರಲಾರರು. (1981ರಲ್ಲಿ ಬಂದ ಆಸ್ಬೋರ್ನ್ ಕಂಪ್ಯೂಟರನ್ನು ಕೈಯಲ್ಲಿ ಒಯ್ಯಬಹುದೆಂದೇ ಮಾರಿದರು, ಅದರ ತೂಕ ಸುಮಾರು 11 ಕಿಲೋಗ್ರಾಂ!)

ಹೀಗೆ ವಾರವಾರವೂ ಊರಿಗೆ ಹೋಗುವವರು ಲ್ಯಾಪ್‌ಟಾಪನ್ನೇ ಕೊಳ್ಳಲಿ. ಜೊತೆಗೆ ಬೇರೊಂದು ಕೀಲಿಮಣೆಯನ್ನು ಕೊಂಡು, ತೆರೆಯನ್ನು ನಾಲ್ಕು ಪುಸ್ತಕಗಳ ಮೇಲೆ ಏರಿಸಿಡಲಿ. ಮನೆಯಿಂದಲೇ ಕಾಲೇಜಿಗೆ ಹೋಗಿಬರುವವರಿಗೆ, ಕೋಣೆ ಎಷ್ಟೇ ಕಿರಿದಾಗಿರಲಿ, ಗೋಡೆಯ ತೆರೆಯೂ ಸಣ್ಣ ಪೆಟ್ಟಿಗೆಯೂ ಲೇಸೆಂದು ನಮ್ಮ ಅಭಿಪ್ರಾಯ.